ವಂಶಾವಳಿ ಮತ್ತು ವಂಶವಾಹಿ: ಕ್ಯಾನ್ಸರ್‌ನ ಜೀನೋಮ್ ಅಧ್ಯಯನದಲ್ಲಿ ಕುಲಸ್ಮೃತಿಯ ಸ್ಥಾನ

ಜಾನಪದ ಅಧ್ಯಯನಕ್ಕೂ ಕ್ಯಾನ್ಸರ್ ರೋಗದ ಸಂಶೋಧನೆಗೂ ಏನು ಸಂಬಂಧವೆಂಬ ಪ್ರಶ್ನೆ ಈ ಪ್ರಬಂಧದ ಶೀರ್ಷಿಕೆಯನ್ನು ಕಂಡೊಡನೆ ಮೂಡುವುದು ಸಹಜ. ಮೇಲುನೋಟಕ್ಕೆ ಒಂದು ಪ್ರಯೋಗಾಲಯದ ವಿದ್ಯೆ, ಇನ್ನೊಂದು ಕ್ಷೇತ್ರಕಾರ್ಯದ ವಿದ್ಯೆ. ಆದರೆ ಕಳೆದ ಎರಡು ದಶಕಗಳಲ್ಲಿ ಕ್ಯಾನ್ಸರ್‌ನ ಪತ್ತೆ ಮತ್ತು ಚಿಕಿತ್ಸೆಯ ಸ್ವರೂಪವನ್ನೇ ಬದಲಿಸಿರುವ ಜೀನೋಮ್ ಅನುಕ್ರಮಣ ಸಂಶೋಧನೆಯ ಇತಿಹಾಸವನ್ನು ಪರಿಶೀಲಿಸಿದಾಗ, ಅದರ ಹಲವು ಮುಖ್ಯ ಘಟ್ಟಗಳಲ್ಲಿ ಯಂತ್ರಕ್ಕಿಂತ ಮೊದಲು ಒಂದು ಕುಟುಂಬದ ನೆನಪು ಕೆಲಸ ಮಾಡಿರುವುದು ಕಂಡುಬರುತ್ತದೆ. ಯಾರು ಯಾರ ಮಗಳು, ಯಾರು ಎಷ್ಟನೆಯ ವಯಸ್ಸಿನಲ್ಲಿ ತೀರಿಕೊಂಡರು, ಯಾವ ಬೇನೆಯಿಂದ ತೀರಿಕೊಂಡರು ಎಂಬ ಮೌಖಿಕ ಜ್ಞಾನವಿಲ್ಲದೆ ವಂಶವಾಹಿಯ ಅಕ್ಷರಗಳು ಅರ್ಥ ಕೊಡುವುದಿಲ್ಲ. ಈ ಸಂಗತಿಯನ್ನು ವಿವರಿಸುವುದು, ಮತ್ತು ಅದರಿಂದ ಕರ್ನಾಟಕದ ಜಾನಪದ ಸಂಶೋಧಕರ ಮೇಲೆ ಬೀಳುವ ಹೊಣೆಯನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಜೀನೋಮ್ ಓದಿನ ಸ್ವರೂಪ

ಮನುಷ್ಯ ದೇಹದ ಜೀವಕೋಶದೊಳಗಿನ ಡಿಎನ್‌ಎಯನ್ನು ನಾಲ್ಕೇ ಅಕ್ಷರಗಳ ಬರವಣಿಗೆಯೆಂದು ಕರೆಯುವುದು ರೂಢಿ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳು ನಮಗೆ ಬರುತ್ತವೆ. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಅಕ್ಷರಗಳ ಅನುಕ್ರಮವನ್ನು ಗುರುತಿಸುವ ಕ್ರಿಯೆಯೇ ಜೀನೋಮ್ ಅನುಕ್ರಮಣ, ಅಂದರೆ ಜೀನೋಮ್ ಸೀಕ್ವೆನ್ಸಿಂಗ್. 1990ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು. ಆಗ ಓದಲಾಗದೆ ಉಳಿದಿದ್ದ ಭಾಗಗಳು 2022ರ ವೇಳೆಗೆ ತುಂಬಿದವು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರಗಳು ಡಿಎನ್‌ಎಯನ್ನು ನೂರು, ನೂರೈವತ್ತು ಅಕ್ಷರಗಳ ತುಣುಕುಗಳಾಗಿ ಓದುತ್ತವೆ. ಒಂದೇ ಭಾಗವನ್ನು ಹಲವು ಬಾರಿ ಓದಿ, ಗಣಕಯಂತ್ರದ ನೆರವಿನಿಂದ ತುಣುಕುಗಳನ್ನು ಒಂದು ಮಾದರಿ ಜೀನೋಮ್‌ನೊಂದಿಗೆ ಹೊಂದಿಸಿ, ವ್ಯತ್ಯಾಸವಿರುವ ಸ್ಥಳಗಳನ್ನು ಪಟ್ಟಿಮಾಡಲಾಗುತ್ತದೆ. ಒಂದು ಮೌಖಿಕ ಮಹಾಕಾವ್ಯದ ಹಲವು ಪಾಠಗಳನ್ನು ಎದುರು ಬದುರು ಇಟ್ಟು ಪಾಠಾಂತರಗಳನ್ನು ಗುರುತಿಸುವ ನಮ್ಮ ಕೆಲಸಕ್ಕೆ ಇದು ಹತ್ತಿರದ್ದು. ವ್ಯತ್ಯಾಸವನ್ನು ಗುರುತಿಸುವುದು ಸುಲಭ. ಅದರಲ್ಲಿ ಯಾವುದು ಅರ್ಥವನ್ನು ಕೆಡಿಸುತ್ತದೆ, ಯಾವುದು ಕೆಡಿಸುವುದಿಲ್ಲ ಎಂದು ನಿರ್ಣಯಿಸುವುದು ಕಷ್ಟ.

ಕ್ಯಾನ್ಸರ್‌ನ ಸಂದರ್ಭದಲ್ಲಿ ಎರಡು ಬಗೆಯ ಓದುಗಳಿವೆ. ಮೊದಲನೆಯದು ಗಡ್ಡೆಯ ಓದು. ಕ್ಯಾನ್ಸರ್ ಎಂಬುದು ಜೀವಕೋಶದ ವಂಶವಾಹಿಗಳಲ್ಲಿ ಬದುಕಿನುದ್ದಕ್ಕೂ ಕೂಡಿಬರುವ ಉತ್ಪರಿವರ್ತನೆಗಳಿಂದ ಹುಟ್ಟುವ ರೋಗ. ಗಡ್ಡೆಯ ಡಿಎನ್‌ಎಯನ್ನು ಅದೇ ರೋಗಿಯ ರಕ್ತದ ಡಿಎನ್‌ಎಯೊಂದಿಗೆ ಹೋಲಿಸಿದರೆ ಗಡ್ಡೆಯಲ್ಲಿ ಮಾತ್ರ ಆಗಿರುವ ಬದಲಾವಣೆಗಳು ತಿಳಿಯುತ್ತವೆ. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯು 33 ಬಗೆಯ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದಂತೆ 11,000ಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳನ್ನು ಹೀಗೆ ಅಧ್ಯಯನ ಮಾಡಿತು. ಚಿಕಿತ್ಸೆಗೆ ಇದರ ಪ್ರಯೋಜನ ನೇರವಾದುದು. ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ 1960ರಲ್ಲಿಯೇ ಗುರುತಿಸಲಾಗಿದ್ದ ಅಸಹಜ ವರ್ಣತಂತುವಿನ ಉತ್ಪನ್ನವನ್ನು ತಡೆಯುವ ಇಮಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿಯ ಬದಲಾವಣೆಯಿರುವವರಿಗೆ ಒಂದು ವರ್ಗದ ಔಷಧಿಗಳು ಚೆನ್ನಾಗಿ ಹಿಡಿಯುತ್ತವೆ ಎಂಬುದು 2004ರಲ್ಲಿ ಪ್ರಕಟವಾಯಿತು. ಹೀಗೆ ರೋಗವನ್ನು ಅಂಗದ ಹೆಸರಿನಿಂದ ಮಾತ್ರವಲ್ಲದೆ ಉತ್ಪರಿವರ್ತನೆಯ ಹೆಸರಿನಿಂದಲೂ ಗುರುತಿಸುವ ಪದ್ಧತಿ ಬೆಳೆದುಬಂದಿತು. ಆದರೆ ಎಲ್ಲ ರೋಗಿಗಳಲ್ಲೂ ಔಷಧಿಗೆ ಗುರಿಯಾಗಬಲ್ಲ ಬದಲಾವಣೆ ಸಿಗುವುದಿಲ್ಲ, ಸಿಕ್ಕರೂ ಗಡ್ಡೆ ಕಾಲಕ್ರಮದಲ್ಲಿ ಔಷಧಿಗೆ ಮಣಿಯದಂತಾಗಬಹುದು.

ಎರಡನೆಯದು ಹುಟ್ಟಿನಿಂದ ಬಂದ ಜೀನೋಮ್‌ನ ಓದು. ಒಟ್ಟು ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 5ರಿಂದ 10ರಷ್ಟಕ್ಕೆ ಮಾತ್ರ ತಂದೆ ಅಥವಾ ತಾಯಿಯಿಂದ ಬಂದ ಒಂದು ಪ್ರಬಲ ಉತ್ಪರಿವರ್ತನೆ ಕಾರಣವಾಗಿರುತ್ತದೆ. ಅಂಥ ಮನೆತನಗಳಲ್ಲಿ ಬದಲಾದ ಪ್ರತಿಯನ್ನು ಹೊತ್ತವರ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧದಷ್ಟು. ಇಲ್ಲಿ ರೋಗಿಯೊಬ್ಬರ ಪರೀಕ್ಷೆ ಇಡೀ ಮನೆತನದ ಪ್ರಶ್ನೆಯಾಗುತ್ತದೆ. ನಮ್ಮ ವಿಷಯ ಮುಖ್ಯವಾಗಿ ಈ ಎರಡನೆಯ ಓದಿಗೆ ಸಂಬಂಧಿಸಿದೆ.

೨. ನೆನಪಿನಿಂದ ಸಂಶೋಧನೆಗೆ

ವಂಶಪಾರಂಪರ್ಯ ಕ್ಯಾನ್ಸರ್‌ನ ಮೊದಲ ದಾಖಲೆಗಳು ವಂಶಾವಳಿಗಳೇ ಆಗಿವೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲಿ ತನ್ನ ಹೆಂಡತಿಯ ಮನೆತನದ ಹಲವು ತಲೆಮಾರುಗಳಲ್ಲಿ ಸ್ತನ ಕ್ಯಾನ್ಸರ್ ಮರುಕಳಿಸಿದ್ದನ್ನು ವರದಿ ಮಾಡಿದನು. 1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ತನ್ನ ಮನೆಯವರಲ್ಲಿ ಅನೇಕರು ಹೊಟ್ಟೆ, ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್‌ನಿಂದ ಸತ್ತಿದ್ದಾರೆ, ತಾನೂ ಹಾಗೆಯೇ ಸಾಯುವೆನೆಂದು ಹೇಳಿದಳು. ವಾರ್ಥಿನ್ ಆ ಮಾತನ್ನು ಹೆದರಿಕೆಯೆಂದು ತಳ್ಳಿಹಾಕದೆ ಆಕೆಯ ಬಂಧುಗಳ ವಿವರಗಳನ್ನು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದರು. ಆಕೆ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡಳು. ‘ಜಿ ಕುಟುಂಬ’ ಎಂದು ಹೆಸರಾದ ಈ ಮನೆತನದ ಅಧ್ಯಯನವನ್ನು ಮುಂದೆ ಹೆನ್ರಿ ಲಿಂಚ್ ಮುಂದುವರಿಸಿದರು. ಇಂದು ಆ ರೋಗಲಕ್ಷಣ ಸಮೂಹ ಲಿಂಚ್ ಅವರ ಹೆಸರಿನಲ್ಲಿಯೇ ಇದೆ. ಅದೇ ಮನೆತನದ ಉತ್ಪರಿವರ್ತನೆ ಎಂಎಸ್‌ಎಚ್2 ಎಂಬ ವಂಶವಾಹಿಯಲ್ಲಿದೆ ಎಂಬುದು ತಿಳಿದದ್ದು 2000ದಲ್ಲಿ. ಒಬ್ಬ ಹೆಣ್ಣುಮಗಳ ಮಾತಿಗೂ ಅದನ್ನು ಖಚಿತಪಡಿಸಿದ ಅಕ್ಷರಕ್ಕೂ ನಡುವೆ 105 ವರ್ಷಗಳ ಅಂತರವಿದೆ.

ಇದಕ್ಕಿಂತಲೂ ನಮ್ಮ ಗಮನಕ್ಕೆ ಅರ್ಹವಾದುದು ನ್ಯೂಜಿಲೆಂಡಿನ ಉದಾಹರಣೆ. ಆ ದೇಶದ ಉತ್ತರ ದ್ವೀಪದ ಟೌರಂಗಾ ಪ್ರದೇಶದ ಒಂದು ದೊಡ್ಡ ಮಾವೋರಿ ಮನೆತನದಲ್ಲಿ ಸುಮಾರು ಮೂರು ದಶಕಗಳ ಅವಧಿಯಲ್ಲಿ 25ರಷ್ಟು ಜನ ಜಠರದ ಕ್ಯಾನ್ಸರ್‌ನಿಂದ ಮರಣಹೊಂದಿದ್ದರು. ಸತ್ತವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಮನೆತನದ ಮೇಲೆ ‘ಮಾಕುಟು’, ಅಂದರೆ ಶಾಪ ಬಿದ್ದಿದೆಯೆಂಬ ನಂಬಿಕೆ ಕುಟುಂಬದ ಕೆಲವರಲ್ಲಿತ್ತು. 1990ರ ದಶಕದಲ್ಲಿ ಕುಟುಂಬದವರೇ ಮುಂದಾಗಿ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರ ನೆರವು ಕೇಳಿದರು. ಮಾವೋರಿ ಜನರಲ್ಲಿ ‘ಫಾಕಪಾಪ’ ಎಂಬ ವಂಶಾವಳಿ ಜ್ಞಾನ ಬದುಕಿನ ಕೇಂದ್ರದಲ್ಲಿರುವಂಥದು. ತಮ್ಮ ಮೂಲಪುರುಷರಿಂದ ಇಂದಿನವರೆಗಿನ ಹೆಸರುಗಳನ್ನು ನೆನಪಿನಿಂದ ಹೇಳುವ ಪರಂಪರೆ ಅವರದು. ಈ ಜ್ಞಾನವೇ ಸಂಶೋಧನೆಯ ಆಧಾರವಾಯಿತು. ರೋಗಕ್ಕೆ ತುತ್ತಾದವರು, ಆಗದವರು ಯಾರೆಂಬುದನ್ನು ವಂಶವೃಕ್ಷದ ಮೇಲೆ ಗುರುತಿಸಿ, ರೋಗದೊಂದಿಗೆ ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿ ಸಾಗಿಬಂದ ವರ್ಣತಂತುವಿನ ಭಾಗ ಯಾವುದೆಂದು ಹುಡುಕಲಾಯಿತು. ಅದು 16ನೆಯ ವರ್ಣತಂತುವಿನಲ್ಲಿತ್ತು. ಅಲ್ಲಿಯ ಸಿಡಿಎಚ್1 ಎಂಬ ವಂಶವಾಹಿಯ ಅನುಕ್ರಮವನ್ನು ಓದಿದಾಗ ಒಂದೇ ಒಂದು ಅಕ್ಷರ ಬದಲಾಗಿರುವುದು ಕಂಡಿತು. ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರ ಈ ಸಂಶೋಧನೆ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುಟುಂಬದ ಸದಸ್ಯರೂ ಅದರ ಸಹಲೇಖಕರಾಗಿದ್ದರೆಂಬುದು ಗಮನಾರ್ಹ.

ಈ ವಂಶವಾಹಿ ತಯಾರಿಸುವ ಪ್ರೋಟೀನು ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವಂಥದು. ಅದು ಕೆಟ್ಟಾಗ ಕೋಶಗಳು ಸಡಿಲಗೊಂಡು, ಗಡ್ಡೆ ಕಟ್ಟದೆ, ಜಠರದ ಒಳಪದರದ ಕೆಳಗೆ ಚದುರಿ ಹರಡುತ್ತವೆ. ಆದ್ದರಿಂದಲೇ ನಳಿಕೆ ಇಳಿಸಿ ನೋಡುವ ಪರೀಕ್ಷೆಯಲ್ಲಿ ಅದು ಆರಂಭದಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಬದಲಾವಣೆಯನ್ನು ಹೊತ್ತ ಹೆಂಗಸರಿಗೆ ಒಂದು ಬಗೆಯ ಸ್ತನ ಕ್ಯಾನ್ಸರ್‌ನ ಅಪಾಯವೂ ಉಂಟು. ಉತ್ಪರಿವರ್ತನೆ ಇದ್ದವರು ರೋಗ ಕಾಣಿಸುವ ಮೊದಲೇ ಜಠರವನ್ನು ಪೂರ್ತಿಯಾಗಿ ತೆಗೆಸಿಕೊಳ್ಳುವ ಕಠಿಣ ನಿರ್ಧಾರಕ್ಕೆ ಬರಬೇಕಾಯಿತು. ಹಾಗೆ ತೆಗೆದ ಅನೇಕ ಜಠರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಆಗಲೇ ಇದ್ದವು. ಇತ್ತ ಉತ್ಪರಿವರ್ತನೆ ಇಲ್ಲದವರು ತಮಗೂ ತಮ್ಮ ಮಕ್ಕಳಿಗೂ ಆ ಭಯ ಬೇಡವೆಂದು ತಿಳಿದರು. ಇಡೀ ಮನೆತನದ ಮೇಲಿದ್ದ ಶಾಪವನ್ನು ಪರೀಕ್ಷೆ ಹೀಗೆ ಬಿಡಿಸಿ ತೋರಿಸಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಶಾಪದ ಕಥನ ಕಾರಣದ ವಿಷಯದಲ್ಲಿ ತಪ್ಪಾಗಿದ್ದರೂ ಅವಲೋಕನದ ವಿಷಯದಲ್ಲಿ ಸರಿಯಾಗಿತ್ತು. ಈ ಸಾವುಗಳು ಬಿಡಿ ಬಿಡಿಯಲ್ಲ, ರಕ್ತಸಂಬಂಧದ ದಾರಿಯಲ್ಲಿ ಬರುತ್ತಿವೆ ಎಂಬುದನ್ನು ಆ ಮನೆತನ ವೈದ್ಯರಿಗಿಂತ ಮೊದಲೇ ಕಂಡುಕೊಂಡಿತ್ತು. ಎರಡನೆಯದಾಗಿ, ಇಂಥ ಮನೆತನಗಳಿಂದ ಮೊದಲು ಲೆಕ್ಕಹಾಕಿದ ಅಪಾಯದ ಪ್ರಮಾಣ ಶೇಕಡಾ 70ಕ್ಕೂ ಮಿಗಿಲಾಗಿತ್ತು. ಜಠರ ಕ್ಯಾನ್ಸರ್‌ನ ಇತಿಹಾಸವನ್ನೇ ಮಾನದಂಡ ಮಾಡಿಕೊಳ್ಳದೆ ಇತರ ಕುಟುಂಬಗಳನ್ನೂ ಸೇರಿಸಿಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದು ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ ಶೇಕಡಾ 33 ಎಂದು ಕಂಡಿತು. ಯಾರನ್ನು ಕೇಳಿದೆವು ಎಂಬುದು ಉತ್ತರವನ್ನು ನಿರ್ಧರಿಸುತ್ತದೆಂಬ ಕ್ಷೇತ್ರಕಾರ್ಯದ ಪಾಠ ಇಲ್ಲಿಯೂ ಅನ್ವಯಿಸುತ್ತದೆ.

೩. ಹೆಳವರ ಹೊತ್ತಗೆ ಮತ್ತು ಅದರಲ್ಲಿಲ್ಲದ ಹೆಸರುಗಳು

ಮಾವೋರಿ ಫಾಕಪಾಪದ ಮಾತು ಬಂದಾಗ ಕನ್ನಡ ನಾಡಿನ ಸಂಶೋಧಕರಿಗೆ ಹೆಳವರು ನೆನಪಾಗದೆ ಇರರು. ಎತ್ತಿನೊಡನೆ ಊರೂರು ಸುತ್ತಿ, ತಮ್ಮ ಒಕ್ಕಲು ಮನೆತನಗಳ ವಂಶಾವಳಿಯನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿ, ಕಾಳುಕಡಿ ಕಾಣಿಕೆ ಪಡೆಯುವ ಈ ಸಮುದಾಯ ಉತ್ತರ ಕರ್ನಾಟಕದ ಅಸಂಖ್ಯ ಮನೆತನಗಳ ನೆನಪನ್ನು ಕಾದುಕೊಂಡು ಬಂದಿದೆ.

2006ರ ಸುಮಾರಿಗೆ ನನ್ನ ಪಿಎಚ್.ಡಿ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಂಥ ಓದನ್ನು ದಾಖಲಿಸುವ ಅವಕಾಶ ಒದಗಿತು. ಹೆಳವರ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೆಸರುಗಳನ್ನು ಓದುತ್ತಿದ್ದರು. ಒಳಬಾಗಿಲಲ್ಲಿ ನಿಂತಿದ್ದ ಆ ಮನೆಯ ಅಜ್ಜಿ ಕೆಲವು ಹೆಸರು ಬಂದಾಗ ತನ್ನಷ್ಟಕ್ಕೆ ಮಾತು ಸೇರಿಸುತ್ತಿದ್ದರು: “ಇಂವಾ ಹೊಟ್ಟಿಬ್ಯಾನಿಲಿಂದ ಹ್ವಾದ”, “ಇವನವ್ವಗೂ ಅದ ಆಗಿತ್ತು, ಆಕಿ ಹೆಸರು ಇದರಾಗಿಲ್ಲ ಬಿಡ್ರಿ.” ನನ್ನ ಅಂದಿನ ಟಿಪ್ಪಣಿ ಪುಸ್ತಕದಲ್ಲಿ ಓದಿನ ಧಾಟಿ, ಬಿರುದಾವಳಿಯ ಪದಗಳು, ಕಾಣಿಕೆಯ ವಿವರ ಎಲ್ಲವೂ ಇವೆ. ಅಜ್ಜಿಯ ಮಾತುಗಳಲ್ಲಿ ಈ ಎರಡು ಮಾತ್ರ ಅಂಚಿನಲ್ಲಿ ಉಳಿದಿವೆ. ಉಳಿದವನ್ನು ಓದಿಗೆ ಅಡ್ಡಬಂದ ಮಾತೆಂದು ಬಿಟ್ಟುಬಿಟ್ಟಿದ್ದೆ. ಆ ಮನೆಯಲ್ಲಿ ಏನಿತ್ತು ಎಂದು ಇಂದು ಹೇಳಲು ಸಾಧ್ಯವಿಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ವಾರ್ಥಿನ್ ಬರೆದುಕೊಂಡದ್ದನ್ನು ನಾನು ಬರೆದುಕೊಳ್ಳಲಿಲ್ಲವೆಂಬುದು ಮಾತ್ರ ನಿಜ.

ಈ ಪ್ರಸಂಗ ನಮ್ಮ ವಂಶಾವಳಿಗಳ ಶಕ್ತಿ ಮತ್ತು ಮಿತಿ ಎರಡನ್ನೂ ತೋರಿಸುತ್ತದೆ. ಹೆಳವರ ಹೊತ್ತಗೆ ಮುಖ್ಯವಾಗಿ ಗಂಡುಸಂತತಿಯನ್ನು ಹಿಡಿದು ಸಾಗುತ್ತದೆ. ಮದುವೆಯಾಗಿ ಹೋದ ಮಗಳ ಸಂತತಿ ಆ ಹಾಳೆಯಿಂದ ಹೊರಗೆ ಉಳಿಯುತ್ತದೆ. ವಂಶವಾಹಿಗಾದರೋ ಈ ಭೇದವಿಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ, 1994 ಮತ್ತು 1995ರಲ್ಲಿ ಗುರುತಿಸಲಾದ ಬಿಆರ್‌ಸಿಎ1 ಹಾಗೂ ಬಿಆರ್‌ಸಿಎ2 ವಂಶವಾಹಿಗಳ ಉತ್ಪರಿವರ್ತನೆ ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ತಂದೆಯಲ್ಲಿ ರೋಗ ಕಾಣಿಸದೆಯೇ ಮಗಳಿಗೆ ದಾಟಬಹುದು. ತುಳುನಾಡಿನ ಅಳಿಯಸಂತಾನ ಪದ್ಧತಿಯ ಮನೆತನಗಳಲ್ಲಿ ಹೆಣ್ಣಿನ ದಾರಿಯ ನೆನಪು ಗಟ್ಟಿಯಾಗಿದ್ದರೆ ತಂದೆಯ ಕಡೆಯ ನೆನಪು ಸಡಿಲವಾಗಿರುವ ಸಂಭವವಿದೆ. ಆದ್ದರಿಂದ ಬರೆದ ವಂಶಾವಳಿಯೊಂದಿಗೆ ಮನೆಯ ಹಿರಿಯ ಹೆಂಗಸರ ನೆನಪನ್ನೂ ಕೂಡಿಸಿದಲ್ಲದೆ ಚಿತ್ರ ಪೂರ್ಣವಾಗದು. ತವರಿನ ಸಾವುನೋವುಗಳ ನೆನಪು ಬಹುಮಟ್ಟಿಗೆ ಅವರಲ್ಲಿಯೇ ಉಳಿದಿರುತ್ತದೆ.

ಬಂಧುವಾಚಕಗಳ ವಿಷಯದಲ್ಲಿಯೂ ಎಚ್ಚರ ಬೇಕು. ದೊಡ್ಡಪ್ಪನ ಮಗನನ್ನೂ ಒಡಹುಟ್ಟಿದವನನ್ನೂ ನಾವು ‘ಅಣ್ಣ’ ಎಂದೇ ಕರೆಯುತ್ತೇವೆ. ವಂಶವಾಹಿಯ ಲೆಕ್ಕದಲ್ಲಿ ಒಡಹುಟ್ಟಿದವರ ನಡುವಿನ ಸಾಮ್ಯ ಸರಾಸರಿ ಅರ್ಧ, ದೊಡ್ಡಪ್ಪನ ಮಕ್ಕಳೊಂದಿಗಿನ ಸಾಮ್ಯ ಎಂಟನೆಯ ಒಂದು ಪಾಲು. ‘ಮಾವ’ ಎಂಬ ಪದ ತಾಯಿಯ ತಮ್ಮನಿಗೂ ಸಲ್ಲುತ್ತದೆ, ಗಂಡನ ತಂದೆಗೂ ಸಲ್ಲುತ್ತದೆ. ಒಬ್ಬರು ರಕ್ತಸಂಬಂಧಿ, ಇನ್ನೊಬ್ಬರು ಅಲ್ಲದಿರಬಹುದು. ಸೋದರಮಾವನನ್ನೇ ಮದುವೆಯಾಗುವ ರೂಢಿಯಿರುವಲ್ಲಿ ಎರಡು ಸಂಬಂಧಗಳೂ ಒಂದೇ ಮನೆಯಲ್ಲಿ ಹೆಣೆದುಕೊಂಡಿರುತ್ತವೆ. ಇಂಥ ಮದುವೆಗಳಲ್ಲಿ ಒಂದೇ ಉತ್ಪರಿವರ್ತನೆ ಮಗುವಿಗೆ ತಂದೆತಾಯಿ ಇಬ್ಬರಿಂದಲೂ ಬರುವ ಸಂಭವ ಹೆಚ್ಚು. ಲಿಂಚ್ ರೋಗಕ್ಕೆ ಕಾರಣವಾದ ವಂಶವಾಹಿಗಳಲ್ಲಿ ಹಾಗಾದರೆ ಬಾಲ್ಯದಲ್ಲಿಯೇ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯ ಇಂಗ್ಲಿಷ್ ನಮೂನೆಯಲ್ಲಿ ಈ ಪದಗಳೆಲ್ಲ ಒಂದೆರಡು ಪದಗಳಾಗಿ ಕರಗಿಹೋದಾಗ ಅಪಾಯದ ಲೆಕ್ಕವೂ ತಪ್ಪಾಗುತ್ತದೆ.

ರೋಗದ ಹೆಸರುಗಳೂ ಇಷ್ಟೇ ಜಟಿಲವಾದವು. ‘ಹೊಟ್ಟೆಬೇನೆ’, ‘ಗಂಟು’, ‘ಹುಣ್ಣು’ ಎಂಬ ಮಾತುಗಳು ಕ್ಯಾನ್ಸರನ್ನೂ ಸೂಚಿಸಬಹುದು, ಬೇರೆ ರೋಗವನ್ನೂ ಸೂಚಿಸಬಹುದು. ಅನೇಕ ಮನೆಗಳಲ್ಲಿ ರೋಗದ ಹೆಸರನ್ನು ಬಾಯಲ್ಲಿ ಆಡದೆ ‘ಆ ರೋಗ’ ಎಂದು ಬಿಡುತ್ತಾರೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಸಾವಿನ ಕಾರಣವನ್ನು ಮುಚ್ಚಿಡುವುದೂ ಉಂಟು. ಆದಕಾರಣ ಮೌಖಿಕ ಮಾಹಿತಿಯನ್ನು ಆಸ್ಪತ್ರೆಯ ಕಾಗದಪತ್ರಗಳೊಂದಿಗೆ ತಾಳೆ ನೋಡದೆ ಸ್ವೀಕರಿಸಬಾರದು, ಹಾಗೆಂದು ಕೇಳದೆಯೂ ಬಿಡಬಾರದು.

೪. ಹೋಲಿಕೆಗೆ ಬೇಕಾದ ಜನ

ಒಬ್ಬರ ಜೀನೋಮ್‌ನಲ್ಲಿ ಕಂಡ ಅಪರೂಪದ ವ್ಯತ್ಯಾಸ ರೋಗಕಾರಕವೇ ಅಲ್ಲವೇ ಎಂದು ನಿರ್ಣಯಿಸಲು ಎರಡು ಆಧಾರಗಳು ಮುಖ್ಯ. ಒಂದು, ಅದೇ ಮನೆತನದಲ್ಲಿ ರೋಗವಿರುವವರಲ್ಲಿ ಅದು ಇದೆಯೇ ಎಂಬುದು; ಇನ್ನೊಂದು, ಅದೇ ಜನಸಮುದಾಯದ ಆರೋಗ್ಯವಂತರಲ್ಲಿ ಅದು ಎಷ್ಟು ಸಾಮಾನ್ಯ ಎಂಬುದು. ಜಗತ್ತಿನ ಜೀನೋಮ್ ಸಂಗ್ರಹಗಳು ಬಹುಕಾಲ ಯೂರೋಪಿಯನ್ ಮೂಲದವರಿಂದಲೇ ತುಂಬಿದ್ದವು. ಇದರಿಂದ ಭಾರತೀಯ ರೋಗಿಗಳ ವರದಿಗಳಲ್ಲಿ ‘ಮಹತ್ವ ಅನಿಶ್ಚಿತ’ ಎಂಬ ಷರಾ ಬರುವ ಸಂಭವ ಹೆಚ್ಚುತ್ತದೆ. ಆ ಷರಾ ಹಿಡಿದು ಮನೆಗೆ ಮರಳುವ ಕುಟುಂಬಕ್ಕೆ ಪರೀಕ್ಷೆಯಿಂದ ಉತ್ತರ ಸಿಕ್ಕಂತಾಗುವುದಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿವೆ. 2019ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಇಂಡಿಜೆನ್ ಯೋಜನೆ ಸಾವಿರಕ್ಕೂ ಹೆಚ್ಚು ಭಾರತೀಯರ ಜೀನೋಮ್‌ಗಳನ್ನು ಓದಿತು. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿತು. 83 ಜನಸಮುದಾಯಗಳ ಸುಮಾರು 10,000 ಆರೋಗ್ಯವಂತರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಇದು ಕ್ಯಾನ್ಸರ್ ರೋಗಿಗಳ ಸಂಗ್ರಹವಲ್ಲ. ಆದರೆ ಹೋಲಿಕೆಗೆ ಬೇಕಾದ ನೆಲಗಟ್ಟು. ಮೊದಲನೆಯ ಆಧಾರವಾದ ಮನೆತನದ ಸಾಕ್ಷ್ಯವನ್ನು ಯಾವ ಯಂತ್ರವೂ ಒದಗಿಸಲಾರದು. ಅದು ಕೇಳಿ ತಿಳಿಯಬೇಕಾದದ್ದು.

೫. ಒಪ್ಪಿಗೆ ಮತ್ತು ಎಚ್ಚರ

ಕುಲಸ್ಮೃತಿಯನ್ನು ವೈದ್ಯಕೀಯಕ್ಕೆ ಒಪ್ಪಿಸುವಾಗ ಅಪಾಯಗಳೂ ಇವೆ. ಅಮೆರಿಕದ ಅರಿಜೋನಾದ ಹವಸುಪಾಯಿ ಬುಡಕಟ್ಟಿನ ಜನ 1990ರ ದಶಕದ ಆರಂಭದಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟಿದ್ದರು. ಆ ಮಾದರಿಗಳು ಅವರಿಗೆ ತಿಳಿಯದಂತೆ ಮಾನಸಿಕ ರೋಗದ ಹಾಗೂ ವಲಸೆಯ ಅಧ್ಯಯನಗಳಿಗೂ ಬಳಕೆಯಾದವು. ತಮ್ಮ ಕಣಿವೆಯೇ ತಮ್ಮ ಮೂಲವೆಂದು ಹೇಳುವ ಅವರ ಉತ್ಪತ್ತಿ ಕಥನಕ್ಕೆ ಅದು ವಿರುದ್ಧವಾಗಿತ್ತು. ವ್ಯಾಜ್ಯ 2010ರಲ್ಲಿ ರಾಜಿಯಲ್ಲಿ ಮುಗಿದು, ಪರಿಹಾರದೊಂದಿಗೆ ರಕ್ತದ ಮಾದರಿಗಳೂ ಬುಡಕಟ್ಟಿಗೆ ಮರಳಿದವು. ಟೌರಂಗಾದ ಮನೆತನ ಸಹಲೇಖಕವಾಯಿತು, ಹವಸುಪಾಯಿ ಜನ ಕೇವಲ ಮಾದರಿಯಾದರು. ಇವೆರಡರ ನಡುವಿನ ಅಂತರವನ್ನು ನಾವು ಮರೆಯಬಾರದು.

ಜಾತಿಯ ಹೆಸರು ಮೈಗಂಟಿಕೊಂಡಿರುವ ನಮ್ಮ ಸಮಾಜದಲ್ಲಿ ‘ಇಂಥ ಜಾತಿಗೆ ಇಂಥ ರೋಗ’ ಎಂಬ ಮಾತು ಹುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಉತ್ಪರಿವರ್ತನೆ ಇರುವುದು ಮನೆತನದಲ್ಲಿ, ಜಾತಿಯ ಮರ್ಯಾದೆಯಲ್ಲಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ತಿಳಿವಳಿಕೆಯ ಒಪ್ಪಿಗೆ, ಆಪ್ತಸಲಹೆ ಮತ್ತು ಗೋಪ್ಯತೆಯನ್ನು ಕುರಿತು ಸ್ಪಷ್ಟವಾಗಿ ಹೇಳಿವೆ. ಜಾನಪದ ಸಂಶೋಧಕರು ಸಂಗ್ರಹಿಸುವ ವಂಶಾವಳಿಗಳಿಗೂ ಇದೇ ಶಿಸ್ತು ಸಲ್ಲಬೇಕು. ನಮ್ಮ ಧ್ವನಿಸುರುಳಿಗಳಲ್ಲಿರುವ ಸಾವಿನ ವಿವರಗಳನ್ನು ಆ ಮನೆಯವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡುವ ಹಕ್ಕು ನಮಗಿಲ್ಲ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಜೀನೋಮ್ ಅನುಕ್ರಮಣ ಕ್ಯಾನ್ಸರ್‌ನ ಪತ್ತೆ ಮತ್ತು ಚಿಕಿತ್ಸೆಗೆ ಹೊಸ ಕಣ್ಣನ್ನು ಕೊಟ್ಟಿದೆ. ಆದರೆ ವಂಶಪಾರಂಪರ್ಯ ಕ್ಯಾನ್ಸರ್‌ನಲ್ಲಿ ಎಲ್ಲಿ ನೋಡಬೇಕೆಂಬುದನ್ನು ಕುಟುಂಬದ ನೆನಪೇ ಮೊದಲು ತೋರಿಸಿದೆ. ಆದುದರಿಂದ ವಂಶಾವಳಿಯನ್ನು ದಾಖಲಿಸುವ ಜಾನಪದ ಸಂಶೋಧಕರು ಹೆಣ್ಣುಸಂತತಿಯನ್ನೂ ಬರೆದುಕೊಳ್ಳಬೇಕು. ಬಂಧುವಾಚಕವನ್ನು ಆಡಿದಂತೆಯೇ ಬರೆದು ಪಕ್ಕದಲ್ಲಿ ರಕ್ತಸಂಬಂಧವನ್ನು ಬಿಡಿಸಿಡಬೇಕು. ಮನೆಯವರು ತಾವಾಗಿಯೇ ಹೇಳಿದ ಸಾವಿನ ವಯಸ್ಸು, ಕಾರಣಗಳನ್ನು ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ ದಾಖಲಿಸಬೇಕು. ಒಂದೇ ಮನೆತನದಲ್ಲಿ ಒಂದೇ ಬಗೆಯ ಸಾವು ಚಿಕ್ಕ ವಯಸ್ಸಿನಲ್ಲಿ ಮರುಕಳಿಸಿದ್ದು ಕಂಡರೆ, ಅದನ್ನು ಶಾಪವೆಂದು ದಾಖಲಿಸಿ ಸುಮ್ಮನಾಗದೆ, ವೈದ್ಯರ ಬಳಿ ಈ ಮಾತನ್ನು ಹೇಳಿರೆಂದು ಆ ಮನೆಯವರಿಗೆ ತಿಳಿಸುವುದು ನಮ್ಮ ಕರ್ತವ್ಯ. ಬಾಗಿಲಲ್ಲಿ ನಿಂತು ಮಾತು ಸೇರಿಸುವ ಅಜ್ಜಿಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಬರೆದುಕೊಳ್ಳುವ ಕೆಲಸ ತಡವಾಗಬಾರದು.